ಲಿಸ್ಬನ್‌ನ ಅರಮನೆಯಂಗಳ: ತೇಜು ನದಿಯಂಚಿನ ಮಹಾಚೌಕವನ್ನು ನದಿಯ ಕಡೆಯಿಂದ ನೋಡುವ ಕ್ರಮ

ಲಿಸ್ಬನ್‌ಗೆಂದು ಎರಡು ಮೂರು ದಿನ ಮೀಸಲಿಟ್ಟವರು ಕೂಡ ಅಲ್ಲಿನ ಪ್ರಾಸಾ ದು ಕೊಮೆರ್ಸಿಯು ಎಂಬ ದೊಡ್ಡ ಚೌಕಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೊಡುವುದು ಅಪರೂಪ. ರುವಾ ಆಗುಸ್ತ ಎಂಬ ಅಂಗಡಿಬೀದಿಯಲ್ಲಿ ನಡೆದು ಬಂದು, ಕಮಾನಿನಡಿ ಹಾದು, ಕುದುರೆಯ ಮೇಲೆ ಕುಳಿತ ರಾಜನ ಮುಂದೆ ಒಂದು ಚಿತ್ರ ತೆಗೆಸಿಕೊಂಡು, ಬಿಸಿಲು ಜೋರಾಗಿದ್ದರೆ ನದಿಯವರೆಗೂ ಹೋಗದೆ ಹಿಂದಿರುಗುತ್ತಾರೆ. ಹೀಗೆ ಬರುವುದೆಂದರೆ ದೊಡ್ಡಮನೆಯೊಂದನ್ನು ಹಿತ್ತಿಲ ಬಾಗಿಲಿನಿಂದ ಹೊಕ್ಕು, ಹೆಬ್ಬಾಗಿಲನ್ನು ನೋಡದೆಯೇ ಹೊರಟುಬಿಟ್ಟಂತೆ. ಈ ಚೌಕ ಊರಿನ ನಡುವೆ ಇರುವ ಬಯಲಲ್ಲ. ನೀರಿನಿಂದ ಬರುವವರಿಗಾಗಿ ಕಟ್ಟಿದ ಬಾಗಿಲು. ಮೂರು ಕಡೆ ಹಳದಿ ಬಣ್ಣದ ಕಮಾನುಸಾಲಿನ ಕಟ್ಟಡಗಳಿದ್ದು, ನಾಲ್ಕನೆಯ ಕಡೆಯನ್ನು ತೇಜು ನದಿಗೆ ಬಿಟ್ಟುಕೊಟ್ಟಿದ್ದಾರೆ. ರಾಜನ ಮುಖವೂ ನದಿಯ ಕಡೆಗೇ ಇದೆ. ಆದುದರಿಂದ ಈ ಮಾರ್ಗದರ್ಶಿಯು ನಿಮ್ಮನ್ನು ಮೊದಲು ದೋಣಿ ಹತ್ತಿಸಿ, ನೀರಿನ ಮೇಲಿನಿಂದ ಚೌಕಕ್ಕೆ ಕರೆತರುತ್ತದೆ. ಅರ್ಧ ದಿನ ಬೇಕಾಗುತ್ತದೆ. ಆ ಅರ್ಧ ದಿನವನ್ನು ಇನ್ನಾವುದೋ ಸ್ಥಳದಿಂದ ಕಡಿತಗೊಳಿಸಿಯಾದರೂ ಇಲ್ಲಿಗೆ ಕೊಡಿ ಎಂದು ನಾನು ಹೇಳುತ್ತೇನೆ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ನಕ್ಷೆಯಲ್ಲಿ ಕಾಣುವ ಪ್ರಾಸಾ ದು ಕೊಮೆರ್ಸಿಯು ಎಂದರೆ ವ್ಯಾಪಾರದ ಚೌಕ. ಊರವರ ಬಾಯಲ್ಲಿ ಇಂದಿಗೂ ಉಳಿದಿರುವುದು ತೆರೇರು ದು ಪಾಸು, ಅಂದರೆ ಅರಮನೆಯಂಗಳ. ಮೆಟ್ರೊ ನಿಲ್ದಾಣಕ್ಕೂ ದೋಣಿ ನಿಲ್ದಾಣಕ್ಕೂ ಇರುವುದು ಎರಡನೆಯ ಹೆಸರೇ. ಅರಮನೆ ಹೋಗಿ ಎರಡೂವರೆ ಶತಮಾನ ಕಳೆದರೂ ಅಂಗಳದ ಹೆಸರು ಹೋಗಿಲ್ಲ. ದಾರಿ ಕೇಳುವಾಗ ಈ ಹಳೆಯ ಹೆಸರನ್ನೇ ಹೇಳಿದರೆ ಯಾರಾದರೂ ತೋರಿಸುತ್ತಾರೆ.

ಹೊರಡುವ ಮೊದಲು ತಿಳಿದಿರಬೇಕಾದ ಹಿನ್ನೆಲೆ

ಈ ಅಂಗಳ ಕನ್ನಡ ನಾಡಿಗೆ ಅಪರಿಚಿತವಾದುದಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ದೊರೆ ಒಂದನೆಯ ಮಾನುಯೆಲ್ ಬೆಟ್ಟದ ಮೇಲಿನ ಕೋಟೆಯನ್ನು ಬಿಟ್ಟು ನದಿಯ ದಡಕ್ಕೆ ಅರಮನೆಯನ್ನು ತಂದನು. ಕಾರಣ ಸರಳವಾಗಿತ್ತು: ಸಂಪತ್ತು ಬರುತ್ತಿದ್ದುದು ಹಡಗಿನಲ್ಲಿ. ಅರಮನೆಗೆ ಹೊಂದಿಕೊಂಡಂತೆ ಕಾಸಾ ದ ಇಂಡಿಯಾ, ಅಂದರೆ ಭಾರತದ ವ್ಯಾಪಾರವನ್ನೆಲ್ಲ ನೋಡಿಕೊಳ್ಳುವ ಕಚೇರಿಯೂ ಉಗ್ರಾಣವೂ ಇದ್ದವು. ಆ ಉಗ್ರಾಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸರಕು ಕಾಳುಮೆಣಸು. ಮೊದಲು ಮಲಬಾರಿನಿಂದ, ಮುಂದೆ ನಮ್ಮ ಕರಾವಳಿಯಿಂದಲೂ ಅದು ಹೋಗುತ್ತಿತ್ತು. 1568–69ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ನೆಲೆಯೂರಿ ಕೋಟೆಗಳನ್ನು ಹಿಡಿದುದು ಬಹುಮಟ್ಟಿಗೆ ಮೆಣಸು ಮತ್ತು ಅಕ್ಕಿಗಾಗಿಯೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಗೆ ಅವರು ಕೊಟ್ಟ ಹೆಸರೇ ಮೆಣಸಿನ ರಾಣಿ. ಘಟ್ಟದ ತೋಟಗಳಲ್ಲಿ ಕೊಯ್ದು ಒಣಗಿಸಿದ ಕಾಳು ಆರು ತಿಂಗಳ ಸಮುದ್ರಯಾನ ಮಾಡಿ ಈ ದಡದಲ್ಲಿ ಇಳಿಯುತ್ತಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಹೋದರೆ, ವ್ಯಾಪಾರದ ಚೌಕ ಎಂಬ ಹೆಸರಿಗೆ ಬೇರೆಯೇ ತೂಕ ಬರುತ್ತದೆ. ಅದೇ ಹಡಗುಗಳ ದಾರಿಯಲ್ಲಿ ಅಮೆರಿಕದ ಮೆಣಸಿನಕಾಯಿ ನಮ್ಮತ್ತ ಬಂತು. ಹೊಸ ಕಾಯಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಇಟ್ಟೆವು.

ಈ ಎಲ್ಲ ವೈಭವ 1755ರ ನವೆಂಬರ್ 1ರ ಬೆಳಿಗ್ಗೆ ಕೊನೆಗೊಂಡಿತು. ಅಂದು ಸರ್ವ ಸಂತರ ಹಬ್ಬ, ಜನ ಚರ್ಚುಗಳಲ್ಲಿದ್ದರು. ಒಂಬತ್ತೂವರೆ ದಾಟಿದ ಮೇಲೆ ಭೂಮಿ ಕಂಪಿಸಿತು; ಕಟ್ಟಡಗಳ ಅಡಿ ಸಿಗದಿರಲೆಂದು ಅನೇಕರು ಬಯಲಾಗಿದ್ದ ನದಿಯ ದಡಕ್ಕೆ ಓಡಿದರು. ಸ್ವಲ್ಪ ಹೊತ್ತಿನಲ್ಲಿ ನೀರು ಹಿಂದೆ ಸರಿದು, ಅನಂತರ ಸುನಾಮಿಯಾಗಿ ಮರಳಿ ನುಗ್ಗಿತು. ಉಳಿದುದನ್ನು ಹಲವು ದಿನ ಉರಿದ ಬೆಂಕಿ ನುಂಗಿತು. ಅರಮನೆ, ಅದರೊಳಗಿನ ಸುಮಾರು 70,000 ಗ್ರಂಥಗಳ ಭಂಡಾರ, ಕಾಸಾ ದ ಇಂಡಿಯಾದ ಕಾಗದಪತ್ರಗಳು ಎಲ್ಲವೂ ಹೋದವು. ಬೇರೆಡೆ ತಂಗಿದ್ದುದರಿಂದ ಬದುಕುಳಿದ ದೊರೆ ಒಂದನೆಯ ಜೊಸೆ ಮತ್ತೆಂದೂ ಕಲ್ಲಿನ ಕಟ್ಟಡದಲ್ಲಿ ವಾಸಿಸಲು ಒಪ್ಪದೆ, ಅಜುಡಾ ಗುಡ್ಡದ ಮೇಲೆ ಮರದ ಮನೆ ಕಟ್ಟಿಸಿಕೊಂಡನು. ಊರನ್ನು ಮತ್ತೆ ಕಟ್ಟುವ ಹೊಣೆ ಅವನ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿದ ಸೆಬಾಸ್ತಿಯಾಂವ್ ಜೊಸೆಯ ಮೇಲೆ ಬಿತ್ತು. ಮಾನುಯೆಲ್ ದ ಮಾಯಾ, ಎವುಜೆನಿಯು ದುಸ್ ಸಾಂತುಸ್, ಕಾರ್ಲುಸ್ ಮಾರ್ದೆಲ್ ಎಂಬ ಎಂಜಿನಿಯರುಗಳು ನಕ್ಷೆ ಹಾಕಿದರು. ಖರ್ಚಿಗಾಗಿ ವರ್ತಕರು ಸರಕುಗಳ ಮೇಲೆ ಶೇ 4ರ ವಿಶೇಷ ಸುಂಕವನ್ನು ತಾವಾಗಿ ಒಪ್ಪಿಕೊಂಡರು. ಅರಮನೆಯ ಬದಲು ವ್ಯಾಪಾರದ ಹೆಸರು ಚೌಕಕ್ಕೆ ಬಂದುದು ಹೀಗೆ.

ಮೊದಲ ಹಂತ: ದಿನ, ಹೊತ್ತು ಮತ್ತು ಉಬ್ಬರ

ವೀಸಾ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೋರ್ಚುಗಲ್ ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಅದೇ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ, ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಗಮನ ಕೊಡಬೇಕಾದುದು ಸೂರ್ಯಾಸ್ತಕ್ಕೆ. ಜೂನ್ ಕೊನೆಯಲ್ಲಿ ಲಿಸ್ಬನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲರ ಸುಮಾರಿಗೆ. ನವೆಂಬರ್‌ನಿಂದ ಜನವರಿಯವರೆಗೆ ಚೌಕದ ಕಟ್ಟೆಯ ಮೇಲೆ ನಿಂತರೆ ಸೂರ್ಯ ನದಿಯ ಮೇಲಿನ ಕೆಂಪು ತೂಗುಸೇತುವೆಯ ದಿಕ್ಕಿನಲ್ಲಿಯೇ ಇಳಿಯುತ್ತಾನೆ. ಬೇಸಿಗೆಯಲ್ಲಿ ಅವನು ಊರಿನ ಗುಡ್ಡಗಳ ಹಿಂದೆ ಮರೆಯಾಗುವುದರಿಂದ, ಬಿಂಬ ಕಾಣದಿದ್ದರೂ ಹಳದಿ ಗೋಡೆಗಳ ಮೇಲಿನ ಬೆಳಕು ಬಹಳ ಹೊತ್ತು ನಿಲ್ಲುತ್ತದೆ. ಚಳಿಗಾಲದಲ್ಲಿ ಮಳೆಯ ಸಂಭವವೂ ಇರುತ್ತದೆ ಎಂಬುದನ್ನು ಮರೆಯಬಾರದು. ಸುಮಾರು 175 ಮೀಟರ್ ಉದ್ದಗಲದ ಈ ಬಯಲಿನಲ್ಲಿ ಒಂದೂ ಮರವಿಲ್ಲ. ಜುಲೈ–ಆಗಸ್ಟ್‌ನ ನಡುಹಗಲಿನಲ್ಲಿ ನೆಲದಿಂದಲೂ ಆಕಾಶದಿಂದಲೂ ಬಿಸಿಲು ಬಡಿಯುತ್ತದೆ. ಹಾಗಾಗಿ ಚಳಿಗಾಲದಲ್ಲಾದರೆ ಹನ್ನೆರಡರ ಸುಮಾರಿಗೆ, ಬೇಸಿಗೆಯಲ್ಲಾದರೆ ನಾಲ್ಕು ಗಂಟೆಯೊಳಗೆ ದೋಣಿ ಹತ್ತುವುದು ಒಳ್ಳೆಯದು.

ಉಬ್ಬರ–ಇಳಿತದ ವೇಳೆಯನ್ನೂ ನೋಡಿಕೊಳ್ಳಿ. ಇಲ್ಲಿ ತೇಜು ನದಿ ಎನ್ನುವುದು ನಿಜವಾಗಿ ಅಳಿವೆ. ಸಮುದ್ರದ ಏರಿಳಿತ ಪೂರ್ತಿಯಾಗಿ ಒಳಗೆ ಬರುತ್ತದೆ. ಲಿಸ್ಬನ್ ಬಂದರಿನ ಉಬ್ಬರದ ಪಟ್ಟಿ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಉಬ್ಬರ ಇಳಿಯುತ್ತಿರುವ ಹೊತ್ತಿಗೆ ಚೌಕದಲ್ಲಿರುವಂತೆ ಯೋಜಿಸಿಕೊಂಡರೆ ಕಟ್ಟೆಯ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಹೊರಬರುವುದನ್ನು ಕಾಣಬಹುದು.

ಎರಡನೆಯ ಹಂತ: ಚೌಕದವರೆಗಿನ ದಾರಿ

ವಿಮಾನ ನಿಲ್ದಾಣದಿಂದ ಮೆಟ್ರೊದ ಕೆಂಪು ಮಾರ್ಗದಲ್ಲಿ ಸಾಂವ್ ಸೆಬಾಸ್ತಿಯಾಂವ್ ನಿಲ್ದಾಣದವರೆಗೆ ಬಂದು, ಅಲ್ಲಿ ಸಾಂತಾ ಅಪೊಲೋನಿಯಾ ಕಡೆಗೆ ಹೋಗುವ ನೀಲಿ ಮಾರ್ಗವನ್ನು ಹಿಡಿದರೆ ತೆರೇರು ದು ಪಾಸು ನಿಲ್ದಾಣದಲ್ಲಿ ಇಳಿಯಬಹುದು. 2007ರ ಕೊನೆಯಲ್ಲಿ ತೆರೆದ ಈ ನಿಲ್ದಾಣದಲ್ಲಿ ಲಿಫ್ಟ್ ಇದೆ. ನವೆಗಾಂತೆ ಎಂಬ ಕಾರ್ಡನ್ನು ಯಂತ್ರದಲ್ಲಿ 50 ಸೆಂಟಿಗೆ ಕೊಂಡು, ಝ್ಯಾಪಿಂಗ್ ಎಂಬ ವಿಧಾನದಲ್ಲಿ ಅದಕ್ಕೆ ಹಣ ತುಂಬಿಸಿಕೊಂಡರೆ ಮೆಟ್ರೊ, ಟ್ರಾಂ, ಬಸ್ಸು, ದೋಣಿ ಎಲ್ಲಕ್ಕೂ ಅದೇ ನಡೆಯುತ್ತದೆ. ಒಬ್ಬರಿಗೆ ಒಂದು ಕಾರ್ಡು ಬೇಕು; ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡನ್ನು ಸರದಿಯಲ್ಲಿ ತೋರಿಸಿ ಒಳಹೋಗುವಂತಿಲ್ಲ.

ನಿಲ್ದಾಣದಿಂದ ಮೇಲೆ ಬಂದ ಕೂಡಲೇ ಚೌಕದ ಕಡೆಗೆ ಹೊರಳಬೇಡಿ. ಪಕ್ಕದಲ್ಲೇ ಇರುವ ದೋಣಿ ನಿಲ್ದಾಣಕ್ಕೆ ಹೋಗಿ. 1932ರಲ್ಲಿ ಕೊತಿನೆಲಿ ತೆಲ್ಮು ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ತೆರೆದ ಹಳೆಯ ಸುಲ್ ಇ ಸುವೆಸ್ತೆ ನಿಲ್ದಾಣದ ಕಟ್ಟಡವೂ ಅಲ್ಲಿಯೇ ಇದೆ.

ಮೂರನೆಯ ಹಂತ: ನೀರಿನ ಮೇಲಿನಿಂದ ಬರುವುದು

ಇಲ್ಲಿಂದ ದಕ್ಷಿಣ ದಡದ ಬರೇಯ್ರು ಎಂಬ ಊರಿಗೆ ದಿನವಿಡೀ ದೋಣಿಗಳಿವೆ. ಇವು ಪ್ರವಾಸಿಗರ ವಿಹಾರದ ದೋಣಿಗಳಲ್ಲ. ಆಚೆ ದಡದಲ್ಲಿ ಮನೆ ಮಾಡಿಕೊಂಡು ಈಚೆ ದಡದಲ್ಲಿ ಕೆಲಸ ಮಾಡುವವರ ನಿತ್ಯದ ಸಾರಿಗೆ. ದರವೂ ಹಾಗೆಯೇ ಕಡಿಮೆ. ಒಂದು ಕಡೆಯ ಪ್ರಯಾಣಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಸಂಜೆ ಐದರ ಮೇಲೆ ಬರೇಯ್ರು ಕಡೆಗೆ ಹೋಗುವ ದೋಣಿಗಳು ತುಂಬಿರುತ್ತವೆ, ಮರಳುವ ದೋಣಿಗಳು ಖಾಲಿ ಇರುತ್ತವೆ. ನಿಲ್ದಾಣದ ಫಲಕದಲ್ಲಿ ‘ಗ್ರೆವೆ’ ಎಂದು ಬರೆದಿದ್ದರೆ ಅಂದು ಮುಷ್ಕರ ಎಂದು ಅರ್ಥ; ಪೋರ್ಚುಗಲ್‌ನ ಸಾರಿಗೆಯಲ್ಲಿ ಇದು ಅಪರೂಪವೇನಲ್ಲವಾದ್ದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಮೇಲು.

ಬರೇಯ್ರುವಿನಲ್ಲಿ ಇಳಿದು, ಮುಂದಿನ ದೋಣಿಗೆ ಮತ್ತೆ ಹತ್ತಿ. ಈ ಸಲ ಎಡಬದಿಯ ಕಿಟಕಿಯ ಪಕ್ಕದಲ್ಲಿ, ಆದಷ್ಟು ಮುಂದೆ ಕುಳಿತುಕೊಳ್ಳಿ. ದೋಣಿ ಸಾಗುವ ಈ ವಿಶಾಲವಾದ ಅಳಿವೆಗೆ ಅಲ್ಲಿಯವರು ಮಾರ್ ದ ಪಾಲ್ಯ, ಅಂದರೆ ಹುಲ್ಲಿನ ಸಮುದ್ರ ಎನ್ನುತ್ತಾರೆ. ಮೊದಲು ಗುಡ್ಡಗಳ ಮೇಲಿನ ಬಿಳಿ ಮನೆಗಳ ರಾಶಿ ಕಾಣುತ್ತದೆ. ಎಲ್ಲವೂ ಒಂದರ ಮೇಲೊಂದು ಒತ್ತಿಕೊಂಡು, ಎಲ್ಲಿ ಬೀದಿ ಎಲ್ಲಿ ಮನೆ ಎಂದು ತಿಳಿಯದಂತೆ. ಅನಂತರ ಆ ಒತ್ತಿನ ನಡುವೆ ಒಂದು ಕಡೆ ನೆಲ ಸಮನಾಗಿ, ಎರಡು ಗೋಪುರಗಳ ನಡುವೆ ಊರು ಬಾಯಿ ತೆರೆದಂತೆ ಬಯಲು ಕಾಣಿಸಿಕೊಳ್ಳುತ್ತದೆ. ಬಯಲಿನ ನಡುವೆ ಕುದುರೆ, ಅದರ ಹಿಂದೆ ನೇರವಾಗಿ ಬಿಳಿಯ ಕಮಾನು. ಅರಮನೆ ಅಂಗಳದ ವಿನ್ಯಾಸವೆಲ್ಲ ಈ ಒಂದು ನೋಟದಲ್ಲಿ ಅರ್ಥವಾಗುತ್ತದೆ. ರುವಾ ಆಗುಸ್ತದಿಂದ ಬಂದವರಿಗೆ ಕಮಾನು ಚೌಕಕ್ಕೆ ಹೋಗುವ ಬಾಗಿಲಾಗಿ ಕಾಣುತ್ತದೆ. ನೀರಿನಿಂದ ಬಂದವರಿಗೆ ಚೌಕವೇ ಅಂಗಳವಾಗಿ, ಕಮಾನು ಊರಿನೊಳಗಿನ ಬಾಗಿಲಾಗುತ್ತದೆ.

ನಾಲ್ಕನೆಯ ಹಂತ: ಕಂಬಗಳ ಕಟ್ಟೆ

ದೋಣಿಯಿಂದ ಇಳಿದವರು ನದಿಯಂಚಿನಲ್ಲಿಯೇ ಪಶ್ಚಿಮಕ್ಕೆ ನಡೆದರೆ ಕಾಯಿಸ್ ದಸ್ ಕೊಲುನಾಸ್ ಸಿಗುತ್ತದೆ. ನಮ್ಮ ಕರಾವಳಿಯ ಮಾತಿನಲ್ಲಿ ಹೇಳುವುದಾದರೆ ಇದು ಎರಡು ಕಂಬಗಳ ಧಕ್ಕೆ. ನೀರಿನೊಳಗೆ ಇಳಿದುಹೋಗುವ ಕಲ್ಲಿನ ಮೆಟ್ಟಿಲುಗಳು, ಅವುಗಳ ಎರಡೂ ಬದಿಗೆ ಒಂದೊಂದು ಕಂಬ. ರಾಜ್ಯಕ್ಕೆ ಬರುವ ಗಣ್ಯರು ಇಲ್ಲಿಯೇ ಇಳಿಯುತ್ತಿದ್ದರು. 1957ರಲ್ಲಿ ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಕೂಡ ನದಿಯ ಕಡೆಯಿಂದಲೇ ಈ ಚೌಕಕ್ಕೆ ಬಂದಿದ್ದರು. ಮೆಟ್ರೊ ಸುರಂಗದ ಕೆಲಸಕ್ಕಾಗಿ ತೊಂಬತ್ತರ ದಶಕದಲ್ಲಿ ಇಡೀ ಕಟ್ಟೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿಟ್ಟು, 2008ರಲ್ಲಿ ಮತ್ತೆ ಕೂಡಿಸಿದರು.

ಇಲ್ಲಿ ಕನಿಷ್ಠ ಅರ್ಧ ಗಂಟೆ ಕುಳಿತುಕೊಳ್ಳಿ. ಮೇಲಿನ ಮೆಟ್ಟಿಲುಗಳು ಒಣಗಿ ಬೆಳ್ಳಗಿರುತ್ತವೆ. ಅವುಗಳ ಕೆಳಗೆ ಒದ್ದೆಯಾದ ಬೂದು ಬಣ್ಣದ ಪಟ್ಟೆ, ಅದರ ಕೆಳಗೆ ಕಡುಹಸಿರು ಪಾಚಿ. ನೀರು ಎಲ್ಲಿಯವರೆಗೆ ಬಂದು ಹೋಗುತ್ತದೆ ಎಂಬುದನ್ನು ಕಲ್ಲಿನ ಬಣ್ಣವೇ ಹೇಳುತ್ತದೆ. ದೋಣಿಯೊಂದು ದೂರದಲ್ಲಿ ಹಾದುಹೋದ ಕೆಲವು ನಿಮಿಷಗಳ ಮೇಲೆ, ಅದನ್ನು ನೀವು ಮರೆತಿರುವಾಗ, ಅದರ ಅಲೆ ಬಂದು ಮೂರು ನಾಲ್ಕು ಮೆಟ್ಟಿಲು ಒಮ್ಮೆಲೇ ಏರಿ, ಸಂದುಗಳಲ್ಲಿ ಗುಳುಗುಳು ಸದ್ದು ಮಾಡುತ್ತ ಇಳಿಯುತ್ತದೆ. ಚಪ್ಪಲಿ ಕಳಚಿ ಬದಿಗಿಟ್ಟವರದು ಆಗ ಒದ್ದೆಯಾಗುತ್ತದೆ. ಹಸಿರು ಪಟ್ಟೆಯ ಮೇಲೆ ಮಾತ್ರ ಯಾವ ಕಾರಣಕ್ಕೂ ಕಾಲಿಡಬೇಡಿ. ಅದು ಶೃಂಗೇರಿಯ ಸ್ನಾನಘಟ್ಟದ ಮೆಟ್ಟಿಲಿನಂತೆ ಕಾಲು ಹಿಡಿಯುವ ಕಲ್ಲಲ್ಲ, ಎಣ್ಣೆ ಸವರಿದಂತೆ ಜಾರುತ್ತದೆ. ಅಂಚಿನಲ್ಲಿ ತಡೆಗಂಬಿಯೂ ಇಲ್ಲ. ಮಕ್ಕಳಿದ್ದರೆ ಕೈ ಹಿಡಿದುಕೊಳ್ಳಬೇಕು.

ಎದುರಿಗೆ ಪಶ್ಚಿಮದಲ್ಲಿ ಕಾಣುವ ತೂಗುಸೇತುವೆ 1966ರಲ್ಲಿ ತೆರೆದದ್ದು. ಅದರಾಚೆಯ ದಡದಲ್ಲಿ ತೋಳು ಚಾಚಿ ನಿಂತಿರುವ ಕ್ರಿಸ್ತನ ಪ್ರತಿಮೆ 1959ರದು. ಎರಡನ್ನೂ ಇಲ್ಲಿಂದ ನೋಡಿದರೆ ಸಾಕು.

ಐದನೆಯ ಹಂತ: ಕುದುರೆಯ ಮೇಲಿನ ರಾಜ ಮತ್ತು ಪೀಠದ ಆನೆ

ಕಟ್ಟೆಗೆ ಬೆನ್ನು ಮಾಡಿ ನೇರವಾಗಿ ನಡೆದರೆ ಜೊಸೆ ದೊರೆಯ ಪ್ರತಿಮೆ. ಜುವಾಕಿಂ ಮಶಾದು ದ ಕಾಸ್ತ್ರು ಎಂಬ ಶಿಲ್ಪಿ ರೂಪಿಸಿದ ಇದನ್ನು ಒಂದೇ ಎರಕದಲ್ಲಿ ಹೊಯ್ದವನು ಬರ್ತೊಲೊಮೆವು ದ ಕೋಸ್ತ. 1775ರ ಜೂನ್ 6ರಂದು, ದೊರೆಯ ಹುಟ್ಟಿದ ದಿನ, ಅದನ್ನು ಅನಾವರಣ ಮಾಡಿದರು. ಕುದುರೆ ಹಾವುಗಳನ್ನು ತುಳಿಯುತ್ತಿದೆ. ಕಂಚು ಈಗ ಹಸಿರುಗಟ್ಟಿದೆ. ಹಿಂದೆ ಇಂಗ್ಲಿಷ್ ವರ್ತಕರು ಈ ಚೌಕವನ್ನು ಕಪ್ಪು ಕುದುರೆಯ ಚೌಕ ಎಂದು ಕರೆಯುತ್ತಿದ್ದರು. ನದಿಯ ಕಡೆಗಿರುವ ಪೀಠದ ಮುಖದಲ್ಲಿ ಪೊಂಬಾಲ್‌ನ ಮುಖವಿರುವ ದುಂಡು ಕಂಚಿನ ಫಲಕವಿದೆ. ದೊರೆ ಸತ್ತು ಮಂತ್ರಿ ಅಧಿಕಾರ ಕಳೆದುಕೊಂಡ 1777ರಲ್ಲಿ ಅದನ್ನು ಕಿತ್ತುಹಾಕಿದ್ದರು. 1833ರಲ್ಲಿ ಮತ್ತೆ ಕೂರಿಸಿದರು. ಹಿಂಬದಿಗೆ ಹೋಗಿ ನೋಡಿ: ಬಿದ್ದ ನಗರವನ್ನು ಎತ್ತಿ ನಿಲ್ಲಿಸುವ ರಾಜನ ಔದಾರ್ಯವನ್ನು ಉಬ್ಬುಶಿಲ್ಪದಲ್ಲಿ ಕೆತ್ತಿದ್ದಾರೆ. ಹೆಚ್ಚಿನವರು ಅತ್ತ ಹೋಗುವುದೇ ಇಲ್ಲ.

ಪೀಠದ ಎರಡು ಪಕ್ಕಗಳಲ್ಲಿ ಕಲ್ಲಿನ ಶಿಲ್ಪಗಳಿವೆ. ಒಂದು ಕಡೆ ವಿಜಯದ ದೇವತೆ ಮತ್ತು ಕುದುರೆ, ಇನ್ನೊಂದು ಕಡೆ ಕೀರ್ತಿಯ ದೇವತೆ ಮತ್ತು ಆನೆ. ಯುರೋಪಿನ ರಾಜನೊಬ್ಬನ ಪೀಠದಲ್ಲಿ ಆನೆ ಏಕೆ ಬಂತು ಎಂಬ ಪ್ರಶ್ನೆಗೆ ಈ ಅಂಗಳವೇ ಉತ್ತರ ಕೊಡುತ್ತದೆ. ಮಾನುಯೆಲ್ ದೊರೆ ಭಾರತದಿಂದ ಆನೆಗಳನ್ನು ತರಿಸಿಕೊಂಡಿದ್ದನು. ಗೋವೆಯಿಂದ ಹೊರಟ ಹಡಗಿನಲ್ಲಿ 1515ರ ಮೇ 20ರಂದು ಒಂದು ಘೇಂಡಾಮೃಗವೂ ಇಲ್ಲಿ ಬಂದಿಳಿಯಿತು. ಗುಜರಾತಿನ ಸುಲ್ತಾನ ಮುಜಫರ್ ಷಾ, ಗೋವೆಯ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಕೊಟ್ಟ ಕಾಣಿಕೆ ಅದು. ಪೋರ್ಚುಗೀಸರು ಅದನ್ನು ಗಂಡಾ ಎಂದೇ ಕರೆದರು. ಎರಡು ವಾರದ ಅನಂತರ ಅರಮನೆಯ ಪಕ್ಕದ ಅಂಗಳದಲ್ಲಿ ಅದಕ್ಕೂ ಒಂದು ಆನೆಗೂ ಕಾದಾಟ ಏರ್ಪಡಿಸಿದಾಗ, ಆನೆ ಬೆದರಿ ಓಡಿಹೋಯಿತು. ಆ ಮೃಗವನ್ನು ಕಣ್ಣಾರೆ ಕಾಣದ ಜರ್ಮನ್ ಕಲಾವಿದ ಡ್ಯೂರರ್, ಇಲ್ಲಿಂದ ಹೋದ ವರ್ಣನೆ ಮತ್ತು ರೇಖಾಚಿತ್ರದ ಆಧಾರದ ಮೇಲೆ ಅದರ ಮರದಚ್ಚಿನ ಚಿತ್ರ ಮಾಡಿದುದು ಅದೇ ವರ್ಷ. ನೀವು ನಿಂತಿರುವ ನೆಲದ ಆಸುಪಾಸಿನಲ್ಲಿಯೇ ಇದೆಲ್ಲ ನಡೆದದ್ದು.

ಆರನೆಯ ಹಂತ: ಪಶ್ಚಿಮದ ಮೂಲೆ

ಹಳೆಯ ಅರಮನೆ ಇದ್ದುದು ಚೌಕದ ಪಶ್ಚಿಮ ಭಾಗದಲ್ಲಿ. ಅತ್ತ ಕಮಾನುಸಾಲಿನ ನೆರಳು ಹಿಡಿದು ವಾಯವ್ಯ ಮೂಲೆಗೆ, ರುವಾ ದು ಆರ್ಸೆನಾಲ್ ಬೀದಿ ಆರಂಭವಾಗುವಲ್ಲಿಗೆ ಹೋಗಿ. 1908ರ ಫೆಬ್ರುವರಿ 1ರಂದು ದೊರೆ ಒಂದನೆಯ ಕಾರ್ಲುಸ್, ರಾಣಿ ಅಮೆಲಿಯಾ ಮತ್ತು ಹಿರಿಯ ಮಗ ಹಳ್ಳಿಯ ಅರಮನೆಯಿಂದ ರೈಲಿನಲ್ಲಿ ಬರೇಯ್ರುವಿಗೆ ಬಂದು, ಅಲ್ಲಿಂದ ನದಿ ದಾಟಿ ಇಲ್ಲಿ ಇಳಿದರು. ನೀವು ಈಗಷ್ಟೇ ಬಂದ ಜಲಮಾರ್ಗವೇ ಅದು. ಮೊದಲೇ ಲಿಸ್ಬನ್‌ಗೆ ಮರಳಿದ್ದ ಕಿರಿಯ ಮಗ ಇಲ್ಲಿ ಅವರನ್ನು ಕೂಡಿಕೊಂಡನು. ತೆರೆದ ಸಾರೋಟು ಈ ಮೂಲೆಯಲ್ಲಿ ತಿರುಗುವಾಗ ಗುಂಡುಗಳು ಹಾರಿದವು. ದೊರೆಯೂ ಹಿರಿಯ ರಾಜಕುಮಾರನೂ ಮಡಿದರು. ರಾಣಿಯ ಕೈಯಲ್ಲಿದ್ದುದು ಹೂಗುಚ್ಛ ಮಾತ್ರ. ಅವಳು ಅದರಿಂದಲೇ ಕೊಲೆಗಾರನನ್ನು ಹೊಡೆದಳು. ಗಾಯಗೊಂಡು ಉಳಿದ ಕಿರಿಯ ಮಗ ಪೋರ್ಚುಗಲ್‌ನ ಕೊನೆಯ ದೊರೆಯಾದನು. ಎರಡು ವರ್ಷಗಳ ಮೇಲೆ, 1910ರ ಅಕ್ಟೋಬರ್ 5ರಂದು, ಹತ್ತಿರದ ಪುರಭವನದ ಮೊಗಸಾಲೆಯಿಂದ ಗಣರಾಜ್ಯವನ್ನು ಘೋಷಿಸಿದರು. ಕೊಲೆ ನಡೆದ ಸ್ಥಳದಲ್ಲಿ ಗೋಡೆಗೆ ಒಂದು ಸಣ್ಣ ಫಲಕವಿದೆ, ಹುಡುಕಿ ನೋಡಬೇಕು.

ಇಲ್ಲಿಯ ಆಸುಪಾಸಿನಲ್ಲಿಯೇ 1974ರ ಏಪ್ರಿಲ್ 25ರ ಬೆಳಗಿನಲ್ಲಿ ಇನ್ನೊಂದು ಘಟನೆ ನಡೆಯಿತು. ಸಾಂತಾರೆಂ ಊರಿನ ಅಶ್ವದಳ ಶಾಲೆಯಿಂದ ರಾತ್ರಿಯಲ್ಲೇ ಹೊರಟ ದಂಗೆಯ ಪಡೆಯೊಂದು, 29 ವರ್ಷದ ಕ್ಯಾಪ್ಟನ್ ಸಾಲ್ಗೇಯ್ರು ಮಾಯಾನ ನೇತೃತ್ವದಲ್ಲಿ ಚೌಕವನ್ನು ಹಿಡಿಯಿತು. ಸರ್ಕಾರದ ಕಡೆಯ ಟ್ಯಾಂಕುಗಳು ಎದುರು ಬಂದು ನಿಂತಾಗ ಮಾಯಾ ಅವುಗಳತ್ತ ನಡೆದು ಹೋದನು. ಗುಂಡು ಹಾರಿಸುವ ಆಜ್ಞೆಯನ್ನು ಎದುರಿನ ಸೈನಿಕರು ಪಾಲಿಸಲಿಲ್ಲ. ಅರ್ಧ ಶತಮಾನದ ಸರ್ವಾಧಿಕಾರ ಅಂದು ಬಿತ್ತು. ನಮಗೂ ಇದರ ಫಲ ತಟ್ಟಿದೆ: ಗೋವೆ ಭಾರತದ್ದು ಎಂಬುದನ್ನು ಹಳೆಯ ಸರ್ಕಾರ ಒಪ್ಪಿರಲಿಲ್ಲ, ಹೊಸ ಸರ್ಕಾರ ಅದೇ ವರ್ಷದ ಡಿಸೆಂಬರ್ 31ರಂದು ಒಪ್ಪಂದಕ್ಕೆ ಸಹಿ ಹಾಕಿತು.

ಏಳನೆಯ ಹಂತ: ಕಮಾನಿನ ಮೇಲೆ

ರುವಾ ಆಗುಸ್ತದ ಕಮಾನಿನ ಕೆಲಸ ಭೂಕಂಪದ ಅನಂತರದ ನಕ್ಷೆಯಲ್ಲೇ ಇದ್ದರೂ ಮುಗಿದುದು 1873ರಲ್ಲಿ. ತುದಿಯಲ್ಲಿ ಪ್ರತಿಭೆಗೂ ಶೌರ್ಯಕ್ಕೂ ಕಿರೀಟ ತೊಡಿಸುವ ಕೀರ್ತಿದೇವತೆ. ಕೆಳಗಿನ ಸಾಲಿನಲ್ಲಿ ನಾಲ್ವರು. ಅವರಲ್ಲಿ ಒಬ್ಬನು ಪೊಂಬಾಲ್, ಇನ್ನೊಬ್ಬನು ವಾಸ್ಕೊ ಡ ಗಾಮ. ಗಾಮ 1498ರಲ್ಲಿ ಮರಳುವ ಮುನ್ನ ಹಡಗು ದುರಸ್ತಿಗೆಂದು ತಂಗಿದ್ದು ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ.

2013ರಿಂದ ಕಮಾನಿನ ನೆತ್ತಿಗೆ ಹೋಗಲು ಅವಕಾಶವಿದೆ. ಟಿಕೆಟ್ ಕೊಂಡು, ಸ್ವಲ್ಪ ದೂರ ಲಿಫ್ಟ್‌ನಲ್ಲಿ ಹೋಗಿ, ಗಡಿಯಾರದ ಕೋಣೆ ನೋಡಿ, ಅನಂತರ ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಬೇಕು. ಮಂಡಿನೋವಿನವರು ಮತ್ತು ಗಾಲಿಕುರ್ಚಿಯವರು ಮೇಲಿನವರೆಗೆ ಹೋಗಲಾರರು. ಮುಚ್ಚುವ ವೇಳೆ ಋತುವಿಗನುಸಾರ ಬದಲಾಗುವುದರಿಂದ ಮೊದಲೇ ನೋಡಿಕೊಳ್ಳಿ. ಮೇಲೆ ನಿಂತಾಗ ದಕ್ಷಿಣಕ್ಕೆ ಚೌಕ, ಉತ್ತರಕ್ಕೆ ಗೆರೆ ಎಳೆದಂತೆ ನೇರವಾದ ಬೈಷಾ ಬಡಾವಣೆಯ ಬೀದಿಗಳು ಕಾಣುತ್ತವೆ. ಅವುಗಳ ಹೆಸರು ಕಸುಬಿನವು: ಚಿನ್ನದ ಬೀದಿ, ಬೆಳ್ಳಿಯ ಬೀದಿ, ಚಮ್ಮಾರರ ಬೀದಿ, ಜವಳಿಯವರ ಬೀದಿ. ಬೆಂಗಳೂರಿನ ಅಕ್ಕಿಪೇಟೆ, ಕುಂಬಾರಪೇಟೆಗಳನ್ನು ಬಲ್ಲವರಿಗೆ ಈ ಏರ್ಪಾಡು ಕೂಡಲೇ ಹಿಡಿಸುತ್ತದೆ. ಪೂರ್ವಕ್ಕೆ ಗುಡ್ಡದ ಮೇಲಿರುವುದು ಮಾನುಯೆಲ್ ಬಿಟ್ಟು ಇಳಿದ ಕೋಟೆ.

ಮೇಲಿನಿಂದ ಕಾಣದ ಸಂಗತಿಯೊಂದಿದೆ. ಈ ಮನೆಗಳ ಗೋಡೆಯೊಳಗೆ ಗಯೋಲ, ಅಂದರೆ ಪಂಜರ ಎನ್ನುವ ಮರದ ಚೌಕಟ್ಟಿದೆ. ಅಡ್ಡ, ಉದ್ದ ಮತ್ತು ಓರೆ ತೊಲೆಗಳನ್ನು ಗುಣಾಕಾರದಲ್ಲಿ ಹೆಣೆದು ನಡುವೆ ಕಲ್ಲು ಗಾರೆ ತುಂಬಿದ್ದಾರೆ. ಭೂಮಿ ನಡುಗಿದಾಗ ಮರ ಬಾಗಿ ತಡೆಯಲಿ ಎಂಬುದು ಉದ್ದೇಶ. ಮಾದರಿಯ ಸುತ್ತ ಸೈನಿಕರನ್ನು ಕುಣಿಸಿ ನಡೆಸಿ ಪರೀಕ್ಷಿಸಿದರು ಎಂಬ ಮಾತು ರೂಢಿಯಲ್ಲಿದೆ. ಜೌಗು ನೆಲದಲ್ಲಿ ಪೈನ್ ಮರದ ಗೂಟಗಳನ್ನು ಹೊಡೆದು ಅವುಗಳ ಮೇಲೆ ಅಡಿಪಾಯ ಕಟ್ಟಿದ್ದಾರೆ. ಆ ಗೂಟಗಳನ್ನೂ, ಅವುಗಳಿಗಿಂತ ಹಳೆಯ ರೋಮನ್ನರ ಮೀನು ಉಪ್ಪುಹಾಕುವ ತೊಟ್ಟಿಗಳನ್ನೂ ರುವಾ ದುಸ್ ಕೊರಿಯೇರುಸ್ ಬೀದಿಯ ಬ್ಯಾಂಕ್ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ತೋರಿಸುತ್ತಾರೆ. ಮುಂಚಿತವಾಗಿ ಸಮಯ ಕಾದಿರಿಸಿಕೊಂಡು ಬೇರೊಂದು ಬೆಳಿಗ್ಗೆ ಹೋಗಿ. ಕಟ್ಟಡದ ಕೆಲಸ ಬಲ್ಲವರು ಇದನ್ನು ತಪ್ಪಿಸಿಕೊಳ್ಳಬಾರದು.

ಎಂಟನೆಯ ಹಂತ: ಊಟ, ಕಾಫಿ, ಜೋಪಾನ

ಈಶಾನ್ಯ ಮೂಲೆಯ ಕಮಾನುಸಾಲಿನಲ್ಲಿ 1782ರಷ್ಟು ಹಳೆಯದಾದ ಮರ್ತೀನ್ಯು ದ ಅರ್ಕಾದ ಕಾಫಿಮನೆ ಇದೆ. ಕವಿ ಫರ್ನಾಂದು ಪೆಸ್ಸೋವ ಇಲ್ಲಿನ ನಿತ್ಯದ ಗಿರಾಕಿಯಾಗಿದ್ದನು. ಒಳಗೆ ಅಡ್ಡಮೇಜಿನ ಬಳಿ ನಿಂತು ಒಂದು ‘ಬಿಕ’ ಕೇಳಿ. ಲಿಸ್ಬನ್‌ನಲ್ಲಿ ಪುಟ್ಟ ಬಟ್ಟಲಿನ ಗಟ್ಟಿ ಕಾಫಿಗೆ ಅದೇ ಹೆಸರು. ಹೊರಗೆ ಬಯಲಿನಲ್ಲಿ ಹಾಕಿದ ಕುರ್ಚಿಗಳಲ್ಲಿ ಕುಳಿತರೆ ಎಲ್ಲ ಕಡೆಯೂ ಬೆಲೆ ಹೆಚ್ಚು. ಚೌಕದ ಹೋಟೆಲುಗಳಲ್ಲಿ ಪೂರ್ಣ ಊಟ ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ; ಹಣ ಕೊಡುವುದು ನೋಟಕ್ಕೆ, ಆ ನೋಟ ಮೆಟ್ಟಿಲ ಮೇಲೆ ಪುಕ್ಕಟೆಯಾಗಿ ಸಿಗುತ್ತದೆ. ಕುಳಿತ ಕೂಡಲೇ ಕೇಳದೆಯೇ ತಂದಿಡುವ ಬ್ರೆಡ್ಡು, ಆಲಿವ್, ಚೀಸುಗಳು ಧರ್ಮಾರ್ಥವಲ್ಲ. ಬೇಡವಾದರೆ ಮುಟ್ಟದೆ ಹಿಂದಕ್ಕೆ ಕಳುಹಿಸಿ. ಕೇಳದ, ತಿನ್ನದ ಪದಾರ್ಥಕ್ಕೆ ಹಣ ಕೊಡಬೇಕಾಗಿಲ್ಲ.

ಸಸ್ಯಾಹಾರಿಗಳು ಎರಡು ವಿಷಯ ತಿಳಿದಿರಲಿ. ಸೊಪ್ಪಿನ ಸಾರಿನಂತೆ ಕಾಣುವ ಕಾಲ್ದು ವೆರ್ದೆಯಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ತುಣುಕಿರುತ್ತದೆ. ಊರಿಗೆಲ್ಲ ಹೆಸರಾದ ಪಸ್ತೆಲ್ ದ ನಾತದ ಹೂರಣ ಮೊಟ್ಟೆಯ ಹಳದಿಯಿಂದ ಮಾಡಿದ್ದು. ಚೌಕದಿಂದ ಕಾಲು ಗಂಟೆ ನಡೆದರೆ ಸಿಗುವ ಮರ್ತಿಂ ಮೊನೀಸ್ ಸುತ್ತಮುತ್ತ ಭಾರತ, ಬಾಂಗ್ಲಾದೇಶದವರ ಅಂಗಡಿ ಹೋಟೆಲುಗಳಿದ್ದು, ಅನ್ನ ಬೇಳೆಗೆ ಕೊರತೆಯಿಲ್ಲ. ದಾರಿಯಲ್ಲಿ ಬೀಗದ ಅಂಗಡಿಯ ಮೇಲೆ ‘ಶಾವೆ’ ಎಂದು ಬರೆದಿದ್ದರೆ ಅದು ನಮ್ಮ ಚಾವಿ. ಚಾವಿ, ಬಾಲ್ದಿ, ಪಾದ್ರಿ, ಮೇಸ್ತ್ರಿ ಎಲ್ಲವೂ ಈ ದಡದಿಂದಲೇ ನಮ್ಮ ನುಡಿಗೆ ಬಂದ ಮಾತುಗಳು.

ಜೇಬುಗಳ್ಳರ ಕಾಟ ಟ್ರಾಂ 28 ಮತ್ತು 15ರಲ್ಲಿ ಹೆಚ್ಚು. ಕಪ್ಪು ಕನ್ನಡಕ ಮಾರುತ್ತ ಹತ್ತಿರ ಬಂದು ಮೆಲ್ಲಗೆ ಮಾದಕವಸ್ತು ಬೇಕೇ ಎಂದು ಕೇಳುವವರು ಬೈಷಾದಲ್ಲಿ ಎದುರಾಗುತ್ತಾರೆ. ತಲೆಯಾಡಿಸಿ ನಡೆದುಬಿಟ್ಟರೆ ಬೆನ್ನು ಹತ್ತುವುದಿಲ್ಲ. ಸುತ್ತಲಿನ ಪಾದಚಾರಿ ದಾರಿಗಳಲ್ಲಿ ಹಾಸಿರುವ ಕಪ್ಪು ಬಿಳುಪಿನ ಸಣ್ಣ ಕಲ್ಲುಗಳು ಕಾಲು ಸವೆತದಿಂದ ಕನ್ನಡಿಯಂತೆ ನುಣುಪಾಗಿವೆ. ಮಳೆ ಬಿದ್ದರೆ ಜಾರುತ್ತವೆ. ರಬ್ಬರ್ ಅಟ್ಟೆಯ ಬೂಟು ಬೇಕೇ ಬೇಕು.

ಕೊನೆಯ ಹಂತ: ಮತ್ತೆ ನದಿಯ ಬಳಿಗೆ

ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಇರುವಾಗ ಕಟ್ಟೆಗೆ ಮರಳಿ ಬನ್ನಿ. ಆ ಹೊತ್ತಿಗೆ ಅಲ್ಲಿ ಜಾಗ ಸಿಗದಿದ್ದರೆ ಪಶ್ಚಿಮಕ್ಕೆ ರಿಬೇರಾ ದಸ್ ನಾವುಸ್ ದಾರಿಯಲ್ಲಿ ನಡೆಯಿರಿ. ಭಾರತಕ್ಕೆ ಹೊರಡುವ ಹಡಗುಗಳನ್ನು ಕಟ್ಟುತ್ತಿದ್ದ ಹಡಗುಕಟ್ಟೆ ಇಲ್ಲಿಯೇ ಇತ್ತು. ಈಗ ನೀರಿಗೆ ಇಳಿಜಾರಾಗಿ ಕಟ್ಟಿದ ಅಗಲವಾದ ಮೆಟ್ಟಿಲುಗಳಿದ್ದು, ಊರವರು ಮಕ್ಕಳೊಂದಿಗೆ ಬಂದು ಕುಳಿತಿರುತ್ತಾರೆ. ಹಿಂದೆ ತಿರುಗಿ ನೋಡಿದರೆ ಚೌಕದ ಪೂರ್ವದ ಗೋಡೆಯ ಮೇಲೆ ಕೊನೆಯ ಬಿಸಿಲು ಬೀಳುತ್ತಿರುತ್ತದೆ. ಹಳದಿ ಸುಣ್ಣ ಮೊದಲು ಜೇನಿನ ಬಣ್ಣಕ್ಕೂ ಅನಂತರ ಬೂದಿಗೂ ತಿರುಗಿ, ಕಮಾನುಸಾಲಿನ ದೀಪಗಳು ಹತ್ತುತ್ತವೆ. ಹತ್ತು ನಿಮಿಷ ಮುಂದೆ ನಡೆದರೆ ಕಾಯಿಸ್ ದು ಸೊದ್ರೆ ನಿಲ್ದಾಣ. ಅಲ್ಲಿಂದ ಮೆಟ್ರೊದ ಹಸಿರು ಮಾರ್ಗ ಆರಂಭವಾಗುತ್ತದೆ. ಮೆಟ್ರೊ ರಾತ್ರಿ ಒಂದು ಗಂಟೆಯವರೆಗೂ ಓಡುತ್ತದೆ. ಹಾಗಾಗಿ ಚೌಕದಲ್ಲಿ ಇನ್ನೂ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕೆನಿಸಿದರೆ ಅವಸರ ಮಾಡಬೇಕಾಗಿಲ್ಲ.